ಅರ್ಧ ಗಂಟೆಯ ಕಾಡು

ಕಾರಿನ ವೈಪರ್ ಕೆಳಗೆ ಸಿಕ್ಕಿಸಿದ್ದ ಕಾಗದವನ್ನು ಮೊದಲು ನೋಡಿದ್ದು ಅಮ್ಮ. "ಯಾರೋ ಏನೋ ಇಟ್ಟು ಹೋಗಿದಾರೆ ನೋಡೆ" ಅಂದಳು. ತೆಗೆದು ಓದಿದೆ. 99 ಡಾಲರ್ ದಂಡ.

ನನಗೆ ಅರ್ಥವೇ ಆಗಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಪಾಸ್ ಎದ್ದು ಕಾಣುವ ಹಾಗೆ ಇಟ್ಟೇ ಇಳಿದಿದ್ದೆ. ಹಿಂದಿನ ಆಗಸ್ಟ್‌ನಲ್ಲಿ ಮೌಂಟ್ ರೇನಿಯರ್‌ಗೆ ಹೋಗುವಾಗ 80 ಡಾಲರ್ ಕೊಟ್ಟು ಕೊಂಡಿದ್ದ ರಾಷ್ಟ್ರೀಯ ಪಾರ್ಕುಗಳ ಪಾಸ್ ಅದು. ಅವಧಿ ಇನ್ನೂ ಮುಗಿದಿರಲಿಲ್ಲ. ಇಡೀ ದೇಶಕ್ಕೆ ನಡೆಯುವ ಪಾಸ್ ಈ ಸಣ್ಣ ಜಾಗಕ್ಕೆ ನಡೆಯುವುದಿಲ್ಲವೇ ಅಂತ ನನ್ನ ಲೆಕ್ಕ. ನಡೆಯುವುದಿಲ್ಲ. ಅದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಜಾಗ. ರಾಜ್ಯದ ಪಾಸೇ ಬೇಕು. ಅದರ ಹೆಸರು ಡಿಸ್ಕವರ್ ಪಾಸ್. ಒಳಗೆ ಬರುವಾಗ ಬಲಗಡೆ ಬೋರ್ಡ್ ಇತ್ತು, ನಾನು ಓದಿರಲಿಲ್ಲ.

ಇದು 2024ರ ಮೇ ತಿಂಗಳ ಮಾತು. ಅಪ್ಪ ಅಮ್ಮ ತೀರ್ಥಹಳ್ಳಿ ಹತ್ತಿರದ ನಮ್ಮೂರಿಂದ ಬಂದು ಎರಡು ವಾರ ಆಗಿತ್ತು. ನಾವಿರುವುದು ಸಿಯಾಟಲ್‌ನ ಪಕ್ಕದ ಬಾಥೆಲ್‌ನಲ್ಲಿ. ಅವರು ಇರುವುದು ಆರು ತಿಂಗಳು. ಅಷ್ಟರಲ್ಲಿ ಏನೇನು ತೋರಿಸಬೇಕು ಅಂತ ನಾನೂ ನನ್ನ ಗಂಡನೂ ದೊಡ್ಡ ಪಟ್ಟಿ ಮಾಡಿಟ್ಟಿದ್ದೆವು. ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್, ನಯಾಗರಾ. ಆ ಪಟ್ಟಿಯಲ್ಲಿ ಇಲ್ಲದೇ ಇದ್ದದ್ದು ಒಂದೇ. ಮಂಗಳವಾರ ಮಧ್ಯಾಹ್ನ ಮೂರು ಗಂಟೆ.

ಇಲ್ಲಿ ಅಪ್ಪ ಅಮ್ಮಂದಿರನ್ನು ಕರೆಸಿಕೊಂಡವರಿಗೆಲ್ಲ ಆ ಮೂರು ಗಂಟೆ ಗೊತ್ತು. ಅಡುಗೆ ಮುಗಿದಿರುತ್ತದೆ. ಊರಲ್ಲಿ ಎಲ್ಲರೂ ಮಲಗಿರುವ ಹೊತ್ತು, ಫೋನ್ ಮಾಡುವ ಹಾಗಿಲ್ಲ. ಕಾರು ಓಡಿಸಲು ಬರುವುದಿಲ್ಲ. ದಿನಾ ತೋಟಕ್ಕೆ ಎರಡು ಸಲ ಹೋಗಿ ಬರುತ್ತಿದ್ದ ಅಪ್ಪ ಕಿಟಕಿ ಪಕ್ಕ ಕೂತು, ಎದುರಿನ ಅಪಾರ್ಟ್‌ಮೆಂಟಿನ ಹುಲ್ಲು ಕತ್ತರಿಸುವ ಯಂತ್ರವನ್ನೇ ನೋಡುತ್ತಿದ್ದರು. ನಾನು ಒಳಗೆ ಮೀಟಿಂಗ್‌ನಲ್ಲಿರುತ್ತಿದ್ದೆ.

ದಂಡದ ಕಾಗದ ಹಿಡಿದು ಮನೆಗೆ ಬಂದು ಎಲ್ಲ ಓದಿದೆ. ಹದಿನೈದು ದಿನದೊಳಗೆ ವರ್ಷದ ಪಾಸ್ ಕೊಂಡು ಅದನ್ನು ತೋರಿಸಿದರೆ ದಂಡ 59 ಡಾಲರಿಗೆ ಇಳಿಯುತ್ತದೆ. ಆಗ ವರ್ಷದ ಪಾಸಿಗೆ 30 ಡಾಲರ್. 59ಕ್ಕೆ 30 ಸೇರಿಸಿದರೆ 89. ಸುಮ್ನೆ ದಂಡ ಕಟ್ಟುವುದಕ್ಕಿಂತ ಪಾಸ್ ಕೊಳ್ಳುವುದೇ ಕಡಿಮೆ ಖರ್ಚು! ಹಾಗಾಗಿ ನಮ್ಮ ಮೊದಲ ಪಾಸ್ ಕೊಂಡಿದ್ದು ಕಾಡಿನ ಮೇಲಿನ ಪ್ರೀತಿಗೆ ಅಲ್ಲ, ಒಂದಿಷ್ಟು ಡಾಲರ್ ಉಳಿಸಲು.

ಮೀನು ಹಿಡಿಯುವ ಲೈಸೆನ್ಸ್ ಮಾರುವ ಅಂಗಡಿಗಳಲ್ಲೇ ಈ ಪಾಸೂ ಸಿಗುತ್ತದೆ. ಆನ್‌ಲೈನ್‌ನಲ್ಲೂ ಕೊಳ್ಳಬಹುದು, ಪಾರ್ಕಿನ ಆಫೀಸಿನಲ್ಲೂ ಕೊಳ್ಳಬಹುದು. ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಕೊಂಡರೆ ಮೇಲೊಂದಿಷ್ಟು ಸರ್ವಿಸ್ ಚಾರ್ಜ್ ಬೀಳುತ್ತದೆ. ಕಾರಿನ ನೋಂದಣಿ ನವೀಕರಿಸುವಾಗ ಜೊತೆಗೇ ಕೊಂಡರೆ ಅದು ಉಳಿಯುತ್ತದೆ. ನನಗೆ ಕಾಯುವಷ್ಟು ಸಮಯ ಇರಲಿಲ್ಲ, ಅಂಗಡಿಗೇ ಹೋದೆ. ಅಪ್ಪನೂ ಬಂದರು. ಪಾಸಿನಲ್ಲಿ ಕಾರಿನ ನಂಬರ್ ಬರೆಯಲು ಎರಡು ಗೆರೆ ಇದೆ. ಎರಡು ಕಾರಿನ ನಂಬರ್ ಬರೆದುಕೊಳ್ಳಬಹುದು, ಆದರೆ ಒಂದು ಹೊತ್ತಿಗೆ ಪಾಸ್ ತೂಗುಹಾಕಿದ ಕಾರಿಗೆ ಮಾತ್ರ ಲೆಕ್ಕ. ಕಾರಿನಲ್ಲಿ ಎಷ್ಟು ಜನ ಇದ್ದರೂ ಬೇರೆ ಟಿಕೆಟ್ ಇಲ್ಲ. "ಹಂಗಾದ್ರೆ ತಲೆ ಲೆಕ್ಕ ಇಲ್ಲ, ಗಾಡಿ ಲೆಕ್ಕ" ಅಂದರು ಅಪ್ಪ. ಅಷ್ಟೇ ವಿಷಯ. ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದರು.

ಯಾವ ಜಾಗಕ್ಕೆ ಯಾವ ಪಾಸ್ ಅನ್ನುವುದು ಮಾತ್ರ ಅಷ್ಟು ಸುಲಭ ಅಲ್ಲ. ಸಿಯಾಟಲ್‌ನಿಂದ ಪೂರ್ವಕ್ಕೆ ಹೆದ್ದಾರಿಯಲ್ಲಿ ಒಂದು ಗಂಟೆ ಹೋದರೆ ಕಣ್ಣಿಗೆ ಕಾಣುವುದು ಒಂದೇ ಕಾಡು. ಆದರೆ ಮೌಂಟ್ ಸೈ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯದು, ಡಿಸ್ಕವರ್ ಪಾಸ್ ಬೇಕು. ಅದರಾಚೆಯ ಟ್ವಿನ್ ಫಾಲ್ಸ್ ಸ್ಟೇಟ್ ಪಾರ್ಕಿನದು, ಅಲ್ಲಿಗೂ ಅದೇ ಪಾಸ್. ಇನ್ನೂ ಮೇಲೆ ಹೋದರೆ ಫ್ರಾಂಕ್ಲಿನ್ ಫಾಲ್ಸ್ ಕೇಂದ್ರದ ಅರಣ್ಯ ಇಲಾಖೆಗೆ ಸೇರಿದ್ದು. ಅಲ್ಲಿ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು, ಇಲ್ಲವೇ ನನ್ನ ಹತ್ತಿರ ಇದ್ದ ರಾಷ್ಟ್ರೀಯ ಪಾಸ್ ಆಗುತ್ತದೆ. ಮಧ್ಯದಲ್ಲಿರುವ ರ್‍ಯಾಟಲ್‌ಸ್ನೇಕ್ ಕೆರೆ ಸಿಯಾಟಲ್ ನಗರದ್ದು, ಯಾವ ಪಾಸೂ ಬೇಡ. ನಾನು ಇದನ್ನೆಲ್ಲ ಅಪ್ಪನಿಗೆ ವಿವರಿಸಿ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮಲ್ಲಿ ರಿಸರ್ವ್ ಫಾರೆಸ್ಟು, ಸೊಪ್ಪಿನಬೆಟ್ಟ, ಕಾನು ಅಂತ ಇಲ್ವಾ? ಮರ ಒಂದೇ, ಕಾಗದ ಬೇರೆ." ಹೊರಡುವ ಮೊದಲು ಆ ಜಾಗಕ್ಕೆ ಯಾವ ಪಾಸ್ ಅಂತ ನೋಡಿಕೊಳ್ಳುವುದು ಅಂದಿನಿಂದ ನನಗೆ ಅಭ್ಯಾಸ ಆಯಿತು.

ಈ ಪಾಸ್ ಬಹಳ ಹಳೆಯದೇನೂ ಅಲ್ಲ. ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಪಾರ್ಕುಗಳಿಗೆ ಸರ್ಕಾರ ಕೊಡುತ್ತಿದ್ದ ದುಡ್ಡು ಕಡಿಮೆಯಾದಾಗ, 2011ರ ಜುಲೈ 1ರಿಂದ ಇದನ್ನು ಜಾರಿಗೆ ತಂದರು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಸ್ಟೇಟ್ ಪಾರ್ಕುಗಳಿವೆ. ಪಾಸಿನ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಅವುಗಳಿಗೇ.

ಪಾಸ್ ಕೊಂಡ ಮೇಲೆ ಮೊದಲು ಹೋಗಿದ್ದು ಸೇಂಟ್ ಎಡ್ವರ್ಡ್ ಸ್ಟೇಟ್ ಪಾರ್ಕಿಗೆ. ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷ. ಕೆನ್‌ಮೋರ್ ಹತ್ತಿರ, ಲೇಕ್ ವಾಷಿಂಗ್ಟನ್ ದಂಡೆಯ ಮೇಲಿದೆ. ಅದರ ಮುಂದಿನ ರಸ್ತೆಯಲ್ಲಿ ನಾನು ನೂರು ಸಲ ಓಡಾಡಿದ್ದೇನೆ, ಒಳಗೆ ಒಂದು ಸಲವೂ ಹೋಗಿರಲಿಲ್ಲ. ಕಾರಣ ಈಗ ಹೊಳೆಯುತ್ತದೆ. ಒಂದು ದಿನದ ಪಾಸಿಗೆ ಹತ್ತು ಡಾಲರ್. ಹತ್ತು ಡಾಲರ್ ಕೊಟ್ಟ ಮೇಲೆ ಇಡೀ ದಿನ ಕಳೆಯಬೇಕು, ಬುತ್ತಿ ಕಟ್ಟಬೇಕು, ಕೊನೇ ತನಕ ನಡೆಯಬೇಕು ಅನ್ನಿಸುತ್ತದೆ. ಅಷ್ಟು ಪುರುಸೊತ್ತು ಇರುವುದು ಶನಿವಾರ ಮಾತ್ರ. ಶನಿವಾರ ಬಂದರೆ ಇನ್ನೂ ದೊಡ್ಡ ಜಾಗಕ್ಕೆ ಹೋಗೋಣ ಅನ್ನಿಸುತ್ತದೆ. ಹಾಗಾಗಿ ಹತ್ತಿರದ್ದು ಉಳಿದೇ ಹೋಗುತ್ತದೆ.

ವರ್ಷದ ಪಾಸ್ ಕನ್ನಡಿಗೆ ತೂಗುಹಾಕಿದ ಮೇಲೆ ಆ ಲೆಕ್ಕ ಹೋಯಿತು. ಮೀಟಿಂಗ್ ನಾಲ್ಕೂವರೆಗೆ ಮುಗಿದರೆ ಐದಕ್ಕೆ ಅಲ್ಲಿ, ಐದೂವರೆಗೆ ವಾಪಸ್. ಅರ್ಧ ಗಂಟೆ ಸಾಕು. ಮಳೆ ಬಂದರೆ ಹತ್ತೇ ನಿಮಿಷಕ್ಕೆ ತಿರುಗಿ ಬರಬಹುದು, ಯಾವ ನಷ್ಟವೂ ಇಲ್ಲ.

ಸೇಂಟ್ ಎಡ್ವರ್ಡ್ ಮೊದಲು ಕ್ಯಾಥೊಲಿಕ್ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಆಗಿತ್ತು. 1931ರಲ್ಲಿ ಕಟ್ಟಿದ್ದು. 1976ರಲ್ಲಿ ಅದು ಮುಚ್ಚಿ, ಮಾರನೇ ವರ್ಷ ರಾಜ್ಯ ಆ ಜಾಗ ಕೊಂಡಿತು. ಆ ದೊಡ್ಡ ಇಟ್ಟಿಗೆ ಕಟ್ಟಡ ಈಗ ಹೋಟೆಲ್ ಆಗಿದೆ. ಅದರ ಮುಂದೆ ಅಗಲವಾದ ಹುಲ್ಲುಹಾಸು, ಸುತ್ತ ಕಾಡು. ಕಾಡಿನೊಳಗಿಂದ ಕೆರೆಯ ದಂಡೆಗೆ ಇಳಿಜಾರು ದಾರಿ. ಅಮ್ಮನಿಗೆ ಮಂಡಿ ನೋವು, ಅಷ್ಟು ಇಳಿದು ಹತ್ತಲು ಆಗುವುದಿಲ್ಲ. ಅವಳು ಮೇಲೆಯೇ ದೊಡ್ಡ ಮೇಪಲ್ ಮರಗಳ ಹತ್ತಿರ ಬೆಂಚಿನ ಮೇಲೆ ಕೂರುತ್ತಿದ್ದಳು. ನಾನೂ ಅಪ್ಪನೂ ಸ್ವಲ್ಪ ದೂರ ಇಳಿದು ಬರುತ್ತಿದ್ದೆವು.

ಮೊದಲ ದಿನ ಅಮ್ಮ ಕಾಡಿನ ಅಂಚಿಗೆ ಬಂದವಳು ಸೀರೆ ನೆರಿಗೆ ಎತ್ತಿ ಕಾಲು ನೋಡಿಕೊಂಡಳು. "ಇಂಬಳ ಇಲ್ವಾ ಇಲ್ಲಿ?" ಇಲ್ಲ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ನೆಲ ಒದ್ದೆ, ಮರದ ತುಂಬ ಹಾವಸೆ, ಸೊಂಟದವರೆಗೆ ಜರೀಗಿಡ. ಆಗುಂಬೆ ಕಡೆಯ ಕಾಡೇ. ಇಷ್ಟೆಲ್ಲ ಇದ್ದು ಇಂಬಳ ಇಲ್ಲ ಅಂದರೆ ಹೇಗೆ? ಇಂಬಳದ ಬದಲು ಸಿಕ್ಕಿದ್ದು ಹಳದಿ ಬಣ್ಣದ, ಗೇಣುದ್ದದ ಚಿಪ್ಪಿಲ್ಲದ ಬಸವನಹುಳು. ಬನಾನಾ ಸ್ಲಗ್ ಅನ್ನುತ್ತಾರೆ. "ಎಂಥ ಮಾರಾಯ್ತಿ ಇದು!" ಅಂತ ಅಮ್ಮ ಅದು ದಾರಿ ದಾಟುವ ತನಕ ನಿಂತು ನೋಡಿದಳು. ಐದು ನಿಮಿಷದ ಮೇಲೇ ಆಯಿತು.

ಅಪ್ಪನಿಗೆ ಸಿಕ್ಕಿದ್ದು ಒಂದು ಮರದ ಬುಡ. ದಾರಿಯಿಂದ ನಾಲ್ಕು ಹೆಜ್ಜೆ ಆಚೆ, ಕಡಿದು ಉಳಿದ ಸೀಡರ್ ಬುಡ. ನಾಲ್ಕು ಜನ ಕೈ ಹಿಡಿದು ನಿಂತರೂ ಸುತ್ತು ಬರುವುದಿಲ್ಲ, ಅಷ್ಟು ದಪ್ಪ. ಆಳೆತ್ತರದಲ್ಲಿ ಎರಡು ಗೂಡುಗಳಿದ್ದವು, ಕೊಡಲಿಯಿಂದ ಕೊರೆದಂಥವು. ಇದೇನು ಅಂತ ನನಗೆ ಗೊತ್ತಿರಲಿಲ್ಲ. ಅಪ್ಪ ಅದರೊಳಗೆ ಕೈ ಹಾಕಿ ನೋಡಿದರು. "ಇದಕ್ಕೆ ಹಲಗೆ ಸಿಕ್ಕಿಸಿ ಅದರ ಮೇಲೆ ನಿಂತು ಮರ ಕೊಯ್ದಿದಾರೆ. ಬುಡ ಅಗಲ ಅಲ್ವಾ, ಮೇಲೆ ಹೋದ್ರೆ ಗರಗಸ ಹಿಡಿಯೋದು ಸಲೀಸು." ಮನೆಗೆ ಬಂದು ಹುಡುಕಿದೆ. ಅಪ್ಪ ಹೇಳಿದ್ದೇ ಸರಿ. ನೂರು ವರ್ಷದ ಹಿಂದೆ ಈ ಸುತ್ತಿನ ಕಾಡನ್ನೆಲ್ಲ ಹಾಗೇ ಕಡಿದಿದ್ದು. ಈಗ ನಾವು ನೋಡುವುದು ಆಮೇಲೆ ಬೆಳೆದ ಕಾಡು. ಇಷ್ಟು ವರ್ಷ ಈ ಊರಲ್ಲಿದ್ದು ನನಗೆ ಕಾಣದ್ದು ಬಂದ ತಿಂಗಳಲ್ಲಿ ಅಪ್ಪನಿಗೆ ಕಂಡಿತು.

ಆ ಬುಡದ ನೆತ್ತಿಯ ಮೇಲೆ ಒಂದು ಗಿಡ ಹುಟ್ಟಿತ್ತು. ಕೆಂಪು ಹಕಲ್‌ಬೆರಿ. ಈ ಗಿಡ ಕೊಳೆತ ಬುಡದ ಮೇಲೆ ಚೆನ್ನಾಗಿ ಬರುತ್ತದೆ. ಜುಲೈನಲ್ಲಿ ಅದರ ತುಂಬ ಸಣ್ಣ ಕೆಂಪು ಹಣ್ಣು. ಅಪ್ಪ ಒಂದು ಕಿತ್ತು ಬಾಯಿಗೆ ಹಾಕಿಕೊಂಡು "ಹುಳಿ ಇದೆ, ಉಪ್ಪು ಹಾಕಿದ್ರೆ ಲಾಯಕ್ಕಾಗ್ತದೆ" ಅಂದರು. ವಾರಕ್ಕೆ ಎರಡು ಮೂರು ಸಲ ಹೋದಾಗಲೂ ಆ ಬುಡದ ಹತ್ತಿರ ನಿಲ್ಲದೆ ಬರುತ್ತಿರಲಿಲ್ಲ. ಅದು ಅವರ ತೋಟದ ಹಾಗೆ ಆಗಿತ್ತು.

ಒಂದು ದಿನ ಮಾತ್ರ ತೊಂದರೆ ಆಯಿತು. ಅಲ್ಲಿ ಕಾರು ನಿಲ್ಲಿಸಿ ಕನ್ನಡಿ ನೋಡಿದರೆ ಪಾಸ್ ಇಲ್ಲ. ಅದು ನನ್ನ ಗಂಡನ ಕಾರಿನಲ್ಲಿ ಆಫೀಸಿಗೆ ಹೋಗಿತ್ತು. ಪಾಸ್ ಇದೆ, ನನ್ನ ಕಾರಿನ ನಂಬರೂ ಅದರಲ್ಲಿದೆ, ಆದರೆ ಕಾರಿನಲ್ಲಿ ಇಲ್ಲದಿದ್ದರೆ ಇಲ್ಲದ ಹಾಗೇ. ಹತ್ತು ಡಾಲರ್ ಕೊಟ್ಟು ದಿನದ ಪಾಸ್ ತೆಗೆದೆ. "ಎಂಟುನೂರು ರೂಪಾಯಿ ಮೇಲಾತು" ಅಂತ ಅಪ್ಪನಿಗೆ ಬೇಜಾರು. ಅವತ್ತು ನಾವು ಎರಡು ಗಂಟೆ ಇದ್ದೆವು, ಅಮ್ಮನಿಗೆ ಸುಸ್ತಾದರೂ. ದುಡ್ಡು ಕೊಟ್ಟ ದಿನ ಕಾಲು ಹೇಗೆ ಬೇರೆ ಥರ ನಡೆಯುತ್ತದೆ ಅನ್ನುವುದು ಅವತ್ತು ಚೆನ್ನಾಗಿ ಗೊತ್ತಾಯಿತು. ಮಾರನೇ ದಿನದಿಂದ ಪಾಸ್‌ಗೆ ಬಾಗಿಲ ಪಕ್ಕದ ಕೀಲಿಕೈ ಮೊಳೆಯೇ ಜಾಗ.

ಜೂನ್‌ನಲ್ಲಿ ವಾಲೇಸ್ ಫಾಲ್ಸ್‌ಗೆ ಹೋದೆವು, ಗೋಲ್ಡ್ ಬಾರ್ ಅನ್ನುವ ಊರಿನ ಹತ್ತಿರ. ಶನಿವಾರ ತಡವಾಗಿ ಹೋದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಎಂಟು ಗಂಟೆಗೇ ಅಲ್ಲಿದ್ದೆವು. ದಾರಿ ಶುರುವಾಗುವುದು ವಿದ್ಯುತ್ ತಂತಿಗಳ ಕೆಳಗೆ, ತಲೆಯ ಮೇಲೆ ಜುಯ್ ಅನ್ನುವ ಸದ್ದು. ಅದು ದಾಟಿದರೆ ಕಾಡು, ಪಕ್ಕದಲ್ಲೇ ಹೊಳೆ. ಮೇಲಿನ ಜಲಪಾತದ ತನಕ ಹೋಗಿ ಬರಲು ಐದೂವರೆ ಮೈಲಿ. ಅಮ್ಮ ಮೊದಲ ಬೆಂಚಿನಲ್ಲೇ ಕೂತಳು. "ನಾನು ಇಲ್ಲೇ ಹೊಳೆ ನೋಡ್ತಾ ಇರ್ತೀನಿ. ನೀವು ಹೋಗಿ." ಹಿಂದಿನ ನಾನಾಗಿದ್ದರೆ ಇಷ್ಟು ದೂರ ಬಂದಿದ್ದೀವಿ, ಸ್ವಲ್ಪ ನಡಿ ಅಂತ ಒತ್ತಾಯ ಮಾಡುತ್ತಿದ್ದೆ. ಅವತ್ತು ಮಾಡಲಿಲ್ಲ. ಅಪ್ಪನೂ ನನ್ನ ಗಂಡನೂ ಹೋದರು, ನಾನು ಅಮ್ಮನ ಪಕ್ಕ ಕೂತೆ. ನಾವಿಬ್ಬರೇ ಹಾಗೆ ಸುಮ್ನೆ ಕೂತು ಎಷ್ಟು ವರ್ಷ ಆಗಿತ್ತೋ.

ಅಪ್ಪ ಬಂದು ಹೇಳಿದ್ದು ಇಷ್ಟು: "ಚಂದ ಇದೆ. ಜೋಗದಷ್ಟು ಎತ್ತರ ಇಲ್ಲ." ಜೋಗ 830 ಅಡಿ, ಇಲ್ಲಿನ ದೊಡ್ಡ ಜಲಪಾತ 265 ಅಡಿ. ಅವರು ಹೇಳಿದ್ದು ನಿಜವೇ. ಅವರಿಗೆ ಜಲಪಾತಕ್ಕಿಂತ ಆ ಹೆಸರಿನ ಕಥೆ ಹಿಡಿಸಿತು. ವಾಲೇಸ್ ಅಂದರೆ ಯಾರೋ ಬಿಳಿಯ ಸಾಹೇಬರಲ್ಲ. ಈ ಕಡೆ ಮೊದಲು ಜಮೀನು ಮಾಡಿದ ಸ್ಕೈಕೋಮಿಶ್ ಬುಡಕಟ್ಟಿನ ಗಂಡಹೆಂಡತಿ, ಜೋ ಮತ್ತು ಸಾರಾ ಕ್ವಯಾಯ್ಲ್ಶ್. ಆ ಹೆಸರು ಬೇರೆಯವರ ಬಾಯಿಗೆ ಸಿಗದೆ ವಾಲೇಸ್ ಆಯಿತು. "ಶಿವಮೊಗ್ಗ ಶಿಮೊಗಾ ಆದ ಹಂಗೆ" ಅಂದರು ಅಪ್ಪ.

ಆಗಸ್ಟ್‌ನಲ್ಲಿ ಡಿಸೆಪ್ಷನ್ ಪಾಸ್. ಇಲ್ಲಿ ಪಾಸ್ ಅಂದರೆ ಎರಡು ದ್ವೀಪಗಳ ನಡುವೆ ಸಮುದ್ರ ನುಗ್ಗುವ ಇಕ್ಕಟ್ಟಾದ ಜಾಗ. ಅದರಲ್ಲೊಂದಾದ ವಿಡ್ಬಿಯನ್ನು ಬರೀ ಪರ್ಯಾಯ ದ್ವೀಪ ಅಂದುಕೊಂಡಿದ್ದ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್‌ಗೆ, ಅದು ದ್ವೀಪ ಅಂತ 1792ರಲ್ಲಿ ಗೊತ್ತಾಯಿತು. ಮೋಸ ಹೋದೆ ಅನ್ನುವ ಅರ್ಥದಲ್ಲಿ ಈ ಹೆಸರು ಇಟ್ಟ. ಅದರ ಮೇಲಿನ ಸೇತುವೆ 1935ರದು. ಎಲ್ಲರೂ ಸೇತುವೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ನನಗೆ ಹೇಳಬೇಕಾಗಿರುವುದು ಅದರ ಬಗ್ಗೆ ಅಲ್ಲ.

ಅದೇ ಪಾರ್ಕಿನ ಇನ್ನೊಂದು ಮೂಲೆಯಲ್ಲಿ ರೊಸಾರಿಯೋ ಕಡಲತೀರ ಇದೆ. ಅಲ್ಲಿ ಸೀಡರ್ ಮರದಲ್ಲಿ ಕೆತ್ತಿದ ಒಬ್ಬ ಹುಡುಗಿಯ ಕಂಬ ನಿಂತಿದೆ. ಅವಳ ಹೆಸರು ಕೊ-ಕ್ವಾಲ್-ಆಲ್‌ವೂಟ್. ಈ ಸೀಮೆಯ ಮೂಲನಿವಾಸಿಗಳಾದ ಸಾಮಿಶ್ ಜನರ ಕಥೆ ಅದು. ಪಕ್ಕದ ಬೋರ್ಡ್ ಓದಿ ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಹುಡುಗಿ ದಂಡೆಯಲ್ಲಿ ಚಿಪ್ಪು ಆರಿಸುವಾಗ ನೀರೊಳಗಿಂದ ಒಂದು ಕೈ ಅವಳ ಕೈ ಹಿಡಿಯಿತು. ಸಮುದ್ರದವನು ಅವಳನ್ನು ಮದುವೆಗೆ ಕೇಳಿದ. ಅವಳಪ್ಪ ಆಗುವುದಿಲ್ಲ ಅಂದ. ಆಮೇಲೆ ನೀರು ಬತ್ತಿತು, ಮೀನು ಸಿಗದಾಯಿತು, ಜನ ಹಸಿದರು.

"ಭಾಗೀರಥಿನ ಕೆರೆಗೆ ಕೊಟ್ಟ ಹಂಗೇ ಆತಲ್ಲೆ" ಅಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಅವಳು ಸೊಸೆ. ಇವಳು ಮಗಳು. ಇವಳಪ್ಪ ಮೊದ್ಲು ಆಗೂದಿಲ್ಲ ಅಂದ" ಅಂತ ಸೇರಿಸಿದಳು.

ಕಥೆ ಮುಂದುವರಿಸಿದೆ. ಕೊನೆಗೆ ಅಪ್ಪ ಒಪ್ಪಿದ, ವರ್ಷಕ್ಕೊಮ್ಮೆ ಅವಳು ತವರಿಗೆ ಬರಬೇಕು ಅನ್ನುವ ಕರಾರಿನ ಮೇಲೆ. ಅವಳು ಬಂದಳು. ಪ್ರತಿ ವರ್ಷ ಬರುವಾಗಲೂ ಅವಳ ಮೈಮೇಲೆ ಸಮುದ್ರದ ಚಿಪ್ಪುಗಳು ಜಾಸ್ತಿಯಾಗಿರುತ್ತಿದ್ದವು, ಅವಳ ಜೊತೆ ತಣ್ಣನೆ ಗಾಳಿ ಬರುತ್ತಿತ್ತು. ನೆಲದ ಮೇಲೆ ಅವಳಿಗೆ ಹಿತ ಆಗುತ್ತಿರಲಿಲ್ಲ. ಅದನ್ನು ಕಂಡ ಮನೆಯವರೇ ಇನ್ನು ಬರಬೇಕಾಗಿಲ್ಲ ಅಂತ ಅವಳನ್ನು ಬಿಟ್ಟುಕೊಟ್ಟರು. ಈಗಲೂ ಅಲ್ಲಿನ ಸೆಳವಿನಲ್ಲಿ ತೇಲುವ ಉದ್ದನೆಯ ಕಡಲಪಾಚಿ ಅವಳ ಕೂದಲು ಅನ್ನುತ್ತಾರೆ.

"ಅವರೇ ಬರೋದು ಬೇಡ ಅಂದ್ರಾ?" ಅಮ್ಮ ಕೇಳಿದಳು.

"ಹೂಂ."

ಅವಳು ನೀರಿನ ಕಡೆ ತಿರುಗಿದಳು. ಪಾಚಿ ಉದ್ದಕ್ಕೆ ತೇಲುತ್ತಿತ್ತು. ನಾನು ಊರಿಗೆ ಹೋಗಿ ಆಗ ಎರಡು ವರ್ಷ ದಾಟಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಆಮೇಲೆ ಅಮ್ಮನೇ "ತಿಂಡಿ ಡಬ್ಬಿ ತೆಗಿ, ಅಪ್ಪಂಗೆ ಹಸಿವಾಗಿರ್ತದೆ" ಅಂದಳು.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಗೆಳತಿಯರಿಗೆಲ್ಲ ನಾನು ಈಗ ಮೊದಲು ಹೇಳುವುದು ಈ ಪಾಸಿನ ವಿಷಯ. ಇಲ್ಲಿನ ಹಲವು ಗ್ರಂಥಾಲಯಗಳಲ್ಲಿ ಪುಸ್ತಕದ ಹಾಗೆ ಪಾಸನ್ನೂ ಎರವಲು ಕೊಡುತ್ತಾರೆ, ಬೇಕಾದರೆ ಮೊದಲು ಅದನ್ನು ತಂದು ನೋಡಿ. ವರ್ಷದಲ್ಲಿ ಕೆಲವು ದಿನ ಸ್ಟೇಟ್ ಪಾರ್ಕುಗಳಿಗೆ ಪಾಸೇ ಬೇಡ, ಜನವರಿ 1 ಅಂಥದ್ದೊಂದು ದಿನ. ಪಾರ್ಕಿನಲ್ಲೇ ಟೆಂಟ್ ಹಾಕಿ ರಾತ್ರಿ ಉಳಿದರೆ ಅಲ್ಲಿಗೆ ಬೇರೆ ಪಾಸ್ ಬೇಕಾಗಿಲ್ಲ. 2025ರ ಅಕ್ಟೋಬರ್ 1ರಿಂದ ವರ್ಷದ ಪಾಸಿನ ಬೆಲೆ 45 ಡಾಲರ್ ಆಗಿದೆ. ಐದು ಸಲ ಹೋದರೆ ಅಸಲು ಹುಟ್ಟುತ್ತದೆ. ಆದರೆ ಹಾಗೆ ಸಲಗಳನ್ನು ಎಣಿಸಬೇಡಿ ಅನ್ನುವುದೇ ನನ್ನ ಮಾತು. ಮನೆಗೆ ಹತ್ತಿರದ ಒಂದು ಪಾರ್ಕ್ ಹಿಡಿಯಿರಿ, ಅದಕ್ಕೇ ಮತ್ತೆ ಮತ್ತೆ ಹೋಗಿ. ನಾವು ಯೆಲ್ಲೋಸ್ಟೋನ್‌ಗೂ ಹೋಗಿ ಬಂದೆವು. ಊರಿಗೆ ಹೋದ ಮೇಲೆ ಅಮ್ಮ ನೆಂಟರ ಹತ್ತಿರ ಹೇಳಿದ್ದು ಹಳದಿ ಹುಳುವಿನ ಕಥೆ.

ಸೆಪ್ಟೆಂಬರ್ ಕೊನೆಗೆ ಇಸಾಕ್ವಾದ ಲೇಕ್ ಸಮಾಮಿಶ್ ಸ್ಟೇಟ್ ಪಾರ್ಕಿಗೆ ಹೋದೆವು. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಗ ಖಾಲಿಯಾಗಿತ್ತು. ಇಸಾಕ್ವಾ ಹೊಳೆ ಈ ಪಾರ್ಕಿನ ಒಳಗೇ ಹರಿದು ಕೆರೆ ಸೇರುತ್ತದೆ. ಸಮುದ್ರಕ್ಕೆ ಹೋಗಿದ್ದ ಸಾಲ್ಮನ್ ಮೀನು ಮೊಟ್ಟೆ ಇಡಲು ಅದೇ ಹೊಳೆ ಹತ್ತುತ್ತದೆ. ಅಪ್ಪ ನೀರಿಗೆ ಬಗ್ಗಿ ನೋಡಿದವರೇ "ಹತ್ತುಮೀನು!" ಅಂತ ಕೂಗಿದರು. ನಮ್ಮ ಕಡೆ ಮೊದಲ ಮಳೆಗೆ ಗದ್ದೆಯ ಹಳ್ಳಕ್ಕೆ ಮೀನು ಹತ್ತುತ್ತವಲ್ಲ, ಅದನ್ನು ಹಿಡಿಯಲು ಅಪ್ಪ ರಾತ್ರಿ ಲಾಟೀನು ಹಿಡಿದು ಹೋಗುತ್ತಿದ್ದರು. ಇಲ್ಲಿನವು ಒಂದೊಂದೂ ತೋಳುದ್ದ. ಬೆನ್ನು ನೀರಿನ ಮೇಲೆ ಕಾಣುತ್ತಿತ್ತು. ಅಪ್ಪ ಅಲ್ಲಿಂದ ಕದಲಲೇ ಇಲ್ಲ. ಆ ದಿನ ಅರ್ಧ ಗಂಟೆ ಸಾಲಲಿಲ್ಲ. ಕತ್ತಲಾಗುವ ತನಕ ಇದ್ದೆವು.

ಅಕ್ಟೋಬರ್ ಕೊನೆಗೆ ಅವರನ್ನು ವಿಮಾನ ಹತ್ತಿಸಿ ಬಂದೆ. ಮನೆಗೆ ಬಂದಾಗ ಪಾಸ್ ಕೀಲಿಕೈ ಮೊಳೆಯಲ್ಲಿ ತೂಗುತ್ತಿತ್ತು. ಎರಡು ವಾರ ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ದಿನ ಅಪ್ಪ ಫೋನ್ ಮಾಡಿದಾಗ, ತೋಟ, ಕೊನೆಕೊಯ್ಲು, ಅಡಿಕೆ ರೇಟು ಎಲ್ಲ ಮುಗಿದ ಮೇಲೆ ಕೇಳಿದರು: "ಆ ಬುಡದ ಮೇಲಿನ ಗಿಡ ಹೆಂಗಿದೆ?"

"ನೋಡಿಲ್ಲ ಅಪ್ಪ."

"ಹೋದಾಗ ಒಂದು ಫೋಟೋ ಕಳ್ಸು. ಪಕ್ಕ ನಿನ್ನ ಕೈ ಇಟ್ಟು ತೆಗಿ, ಅಳತೆ ಗೊತ್ತಾಗ್ತದೆ."

ಮಾರನೇ ದಿನ ಮಳೆ. ನಾಲ್ಕಕ್ಕೆ ಮೀಟಿಂಗ್ ಮುಗಿಸಿ ಹೊರಟೆ. ಗಿಡದ ಎಲೆ ಎಲ್ಲ ಉದುರಿತ್ತು, ಕಡ್ಡಿ ಮಾತ್ರ ಹಸಿರಾಗಿ ನಿಂತಿತ್ತು. ಅಪ್ಪ ಕೈ ಹಾಕಿದ್ದ ಗೂಡಿನ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಫೋಟೋ ತೆಗೆದು ಕಳಿಸಿದೆ. ಊರಲ್ಲಿ ಆಗ ಬೆಳಗ್ಗೆ ಆರರ ಹೊತ್ತು. ಹಿಂದೆಯೇ ಉತ್ತರ ಬಂತು, ಎದ್ದೇ ಇದ್ದರೇನೋ. "ಒಂದು ಗೇಣು ಬೆಳೆದಿದೆ."